ಆರನೇ ಕಿಲೋಮೀಟರಿನ ಕೂಗು

ಗುರುವಾರಕ್ಕೆ ಬಟಾಣಿ ಸೂಪು, ಪ್ಯಾನ್‌ಕೇಕ್ ಎಂಬುದು ಉತ್ತರದ ಆ ಹಿಮದ ನಾಡಿನ ರೂಢಿ; ನಿಸ್ಕಲಾ ಶಾಲೆಯ ಅಡುಗೆಮನೆಯಲ್ಲಿ ಬಟಾಣಿ ಸೂಪು ಕುದಿಯುತ್ತಿತ್ತು. ಎಂಬತ್ತು ಲೀಟರಿನ ಪಾತ್ರೆ. ತಳ ಹಿಡಿಯದಂತೆ ದೋಣಿಯ ಹುಟ್ಟಿನಷ್ಟು ಉದ್ದದ ಮರದ ಸೌಟಿನಿಂದ ಅದನ್ನು ತಿರುವುತ್ತಲೇ ಇರಬೇಕು. ಐವತ್ತನಾಲ್ಕರ ಸೈಮಿ ಕಾರ್ಪಿನೆನ್ ತಿರುವುವ ರೀತಿಯನ್ನು ನೋಡಿದರೆ ಅವಳ ಹಿಂದಿನ ಕಸುಬು ಏನಿತ್ತೆಂದು ತಿಳಿದವರಿಗೆ ಗೊತ್ತಾಗಿಬಿಡುತ್ತಿತ್ತು. ಬಲವೆಲ್ಲ ಸೊಂಟದಿಂದ ಹೊರಟು, ಬೆನ್ನೇರಿ, ಕೊನೆಗೆ ಕೈಗೆ ಬರುತ್ತಿತ್ತು. ಹಿಮದಲ್ಲಿ ಸ್ಕೀ ಕೋಲು ಊರಿ ದೇಹವನ್ನು ಮುಂದಕ್ಕೆ ತಳ್ಳುವುದೂ ಹೀಗೆಯೇ.

ಹೊರಗೆ ಬೂಟು ಕುಟ್ಟಿದ ಸದ್ದಾಯಿತು. ಹಿಂಬಾಗಿಲಿನಿಂದ ಒಸ್ಮೊ ಮೇಷ್ಟ್ರು ಒಳಗೆ ಬಂದರು. ಎಪ್ಪತ್ತೆಂಟು ವರ್ಷ, ಸೈಮಿಗೆ ಮೂರನೇ ಕ್ಲಾಸಿನಲ್ಲಿ ಲೆಕ್ಕ ಹೇಳಿಕೊಟ್ಟವರು, ಈಗ ಊರಿನ ಸ್ಕೀ ಸಂಘದ ಕಾರ್ಯದರ್ಶಿ. ಸಂಘಕ್ಕೆ ಎಪ್ಪತ್ತೈದು ತುಂಬುವ ವರ್ಷ ಅದು. ಒಂದು ಪುಸ್ತಕ ತರಬೇಕೆಂದು ಮೂರು ತಿಂಗಳಿಂದ ಅಟ್ಟದ ಮೇಲಿನ ಪೆಟ್ಟಿಗೆಗಳನ್ನು ಕೆದಕುತ್ತಿದ್ದರು.

"ಏನಮ್ಮ, ಪ್ಯಾನ್‌ಕೇಕ್ ಇದೆಯೋ ಬರೀ ಸೂಪೋ?"

"ಮಕ್ಕಳು ತಿಂದು ಉಳಿದ್ರೆ ಇದೆ, ಮೇಷ್ಟ್ರೇ. ಮೊದ್ಲು ಬಾಗ್ಲು ಹಾಕಿ. ಚಳಿ ಒಳಗೆ ಬರ್ತಿದೆ."

"ಪ್ಯಾನ್‌ಕೇಕ್ ಕೊಡೋ ಹಾಗಿದ್ರೇ ಇದನ್ನ ತೋರಿಸೋದು." ಮೇಷ್ಟ್ರು ಕೋಟಿನೊಳಗಿನಿಂದ ಚೌಕುಳಿ ಗೆರೆಯ ಹಾಳೆಗಳ ಕಟ್ಟೊಂದನ್ನು ತೆಗೆದರು. "ಒಲಿಂಪಿಕ್ ಆಯ್ಕೆ ಸ್ಪರ್ಧೆ ನಮ್ಮೂರಲ್ಲಿ ಆಯ್ತಲ್ಲ, ಆವತ್ತಿಂದು. ಕಾಲ ಅಳೆಯೋಕೆ ದಾರೀಲಿ ಕೂತಿದ್ದ ಸೈನಿಕ ಹುಡುಗ್ರು ಫೋನಲ್ಲಿ ಹೇಳಿದ್ದನ್ನ ಪೆನ್ಸಿಲಲ್ಲಿ ಬರ್ಕೊಂಡಿದ್ದು. ಆರನೇ ಕಿಲೋಮೀಟರು ನೋಡು. ನೀನೇ ಮುಂದಿದ್ದೆ ಕಣಮ್ಮ! ಔನೆ ಪಿರ್ತಿಲಾಗಿಂತ ನಾಲ್ಕು ಸೆಕೆಂಡ್ ಮುಂದೆ. ಇದನ್ನ ನಿನ್ನ ಫೋಟೋ ಕೆಳಗೆ ಹಾಕೋಣ ಅಂತಿದೀನಿ."

ಸೈಮಿ ಸೌಟು ಬಿಡದೆಯೇ ಬಗ್ಗಿ ನೋಡಿದಳು. ಪೆನ್ಸಿಲಿನ ಗೀಟು ಮಾಸಿತ್ತು, ಅಂಕಿಗಳು ಸ್ಪಷ್ಟವಾಗಿಯೇ ಇದ್ದವು. ಹದಿನೇಳನೇ ನಂಬರು, ಕಾರ್ಪಿನೆನ್: ಎಲ್ಲರಿಗಿಂತ ಕಡಿಮೆ ಕಾಲ. ಇಪ್ಪತ್ತನಾಲ್ಕನೇ ನಂಬರು, ಪಿರ್ತಿಲಾ: ನಾಲ್ಕು ಸೆಕೆಂಡು, ಒಂದು ದಶಾಂಶ ಹೆಚ್ಚು.

"ಇಲ್ಲ ಮೇಷ್ಟ್ರೇ, ತಪ್ಪು ಬರ್ದಿದಾರೆ," ಎಂದಳು. "ನಾನು ಎಂಟು ಸೆಕೆಂಡ್ ಹಿಂದಿದ್ದೆ."

"ಯಾರು ಹೇಳಿದ್ದು?"

"ಅಣ್ಣ."

ಮೇಷ್ಟ್ರು ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ ಅವಳನ್ನೇ ನೋಡಿದರು. ಅಷ್ಟರಲ್ಲಿ ಪಾತ್ರೆಯ ತಳದಿಂದ ಸೀದ ವಾಸನೆ ಬಂತು. ಹತ್ತೊಂಬತ್ತು ವರ್ಷದ ಕೆಲಸದಲ್ಲಿ ಸೈಮಿ ಬಟಾಣಿ ಸೂಪು ಸೀಯಿಸಿದ್ದು ಅದೇ ಮೊದಲು.

ಆ ಕಾಲದಲ್ಲಿ ಸ್ಪರ್ಧಿಗಳು ಒಟ್ಟಿಗೆ ಹೊರಡುತ್ತಿರಲಿಲ್ಲ. ಮೂವತ್ತು ಸೆಕೆಂಡಿಗೊಬ್ಬರಂತೆ ಬಿಡುತ್ತಿದ್ದರು. ಕಾಡಿನೊಳಗೆ ಹೊಕ್ಕ ಮೇಲೆ ಒಬ್ಬಳೇ. ಮುಂದಿರುವವಳು ಕಾಣುವುದಿಲ್ಲ, ಹಿಂದಿರುವವಳು ಕಾಣುವುದಿಲ್ಲ. ಕೇಳುವುದು ತನ್ನದೇ ಉಸಿರು, ಮೇಣ ಹಚ್ಚಿದ ಸ್ಕೀ ಹಿಮದ ಮೇಲೆ ಉಜ್ಜುವ ಸದ್ದು. ಗೆಲ್ಲುತ್ತಿದ್ದೇನೋ ಸೋಲುತ್ತಿದ್ದೇನೋ ಎಂದು ತಿಳಿಯಲು ದಾರಿ ಒಂದೇ. ಮನೆಯವರು ಯಾರಾದರೂ ಮರದಡಿ ಗಡಿಯಾರ ಹಿಡಿದು ನಿಂತು, ಅವಳು ಹಾದುಹೋಗುವಾಗ ಅಂತರ ಕೂಗಬೇಕು: ಇಷ್ಟು ಸೆಕೆಂಡು ಮುಂದೆ, ಇಷ್ಟು ಸೆಕೆಂಡು ಹಿಂದೆ. ಕೈನು ಸೀಮೆಯ ಪ್ರತಿ ಸ್ಪರ್ಧಿಗೂ ಹಾಗೆ ಕೂಗುವವನೊಬ್ಬ ಇದ್ದೇ ಇರುತ್ತಿದ್ದ. ಸೈಮಿಗೆ ಅವಳ ಅಣ್ಣ ತಾವೆತ್ತಿ. ಅವಳಿಗಿಂತ ಏಳು ವರ್ಷ ದೊಡ್ಡವನು, ಕಾಡಿನಲ್ಲಿ ಮರ ಸಾಗಿಸುವ ಟ್ರ್ಯಾಕ್ಟರು ಓಡಿಸುತ್ತಿದ್ದವನು. ಅವಳ ಹದಿನೈದನೇ ವಯಸ್ಸಿನಿಂದ ಅವಳು ದೊಡ್ಡ ಸ್ಪರ್ಧೆಗಳನ್ನು ಬಿಡುವ ತನಕ, ಆಮೇಲೆ ಹಿರಿಯರ ಸ್ಪರ್ಧೆಗಳಲ್ಲೂ, ಆರನೇ ಕಿಲೋಮೀಟರಿನ ಹತ್ತಿರ ಎಲ್ಲೋ ಒಂದು ಮರದ ಕೆಳಗೆ ತುಪ್ಪಳದ ಟೋಪಿ ಹಾಕಿಕೊಂಡು ಅವನು ನಿಂತಿರುತ್ತಿದ್ದ.

ಆಯ್ಕೆ ಸ್ಪರ್ಧೆ ನಡೆದು ಇಪ್ಪತ್ತೆಂಟು ವರ್ಷವಾಗಿತ್ತು. ಆ ಜನವರಿಯಲ್ಲಿ ದಕ್ಷಿಣದಲ್ಲಿ ಹಿಮವೇ ಬೀಳಲಿಲ್ಲ. ಸ್ಪರ್ಧೆಯನ್ನು ತರಾತುರಿಯಲ್ಲಿ ನಿಸ್ಕಲಾಕ್ಕೆ ತಂದರು. ಹತ್ತು ಕಿಲೋಮೀಟರು. ಒಲಿಂಪಿಕ್ ತಂಡದಲ್ಲಿ ಎರಡು ಜಾಗ ಉಳಿದಿದ್ದವು. ಸೈಮಿಯದು ಹುಟ್ಟಿದೂರಿನ ಹಾದಿ, ಪ್ರತಿ ತಿರುವೂ ಗೊತ್ತು. ಆರನೇ ಕಿಲೋಮೀಟರಿನಲ್ಲಿ ಅಣ್ಣ ಕೂಗಿದ: "ಎಂಟು ಹಿಂದೆ! ಎಂಟು!" ಅಲ್ಲಿಂದ ಮುಂದೆ ಕುರ್ಕಿವಾರಾ ಗುಡ್ಡದ ಏರು. ಎಂಟು ಸೆಕೆಂಡನ್ನು ಏರಿನಲ್ಲೇ ಹಿಡಿಯಬೇಕೆಂದು ಅವಳು ಇದ್ದಬದ್ದ ಶಕ್ತಿಯನ್ನೆಲ್ಲ ಅಲ್ಲಿ ಸುರಿದಳು. ಗುಡ್ಡದ ನೆತ್ತಿ ಮುಟ್ಟುವಾಗ ಬಾಯಲ್ಲಿ ರಕ್ತದ ರುಚಿ ಬರುತ್ತಿತ್ತು. ಕೊನೆಯ ಎರಡು ಕಿಲೋಮೀಟರು ತೋಳುಗಳು ಮರಗಟ್ಟಿದವು. ಮೂರನೆಯವಳಾದಳು. ಎರಡನೆಯವಳಾದ ಔನೆ ಪಿರ್ತಿಲಾಗೂ ಅವಳಿಗೂ ಎರಡು ಸೆಕೆಂಡು, ಎಂಟು ದಶಾಂಶದ ಅಂತರ. ಔನೆ ವಿಮಾನ ಹತ್ತಿದಳು. ಸೈಮಿ ಮನೆಯ ಟಿವಿಯಲ್ಲಿ ಅವಳನ್ನು ನೋಡಿದಳು.

ಇದು ಊರಿಗೆಲ್ಲ ಗೊತ್ತಿರುವ ಕತೆ. ಸೈಮಿ ಅದಕ್ಕಾಗಿ ಯಾರನ್ನೂ ದೂರಿರಲಿಲ್ಲ. ಹಿಂದಿದ್ದೆ, ಹಿಡಿಯಲು ನೋಡಿದೆ, ಆಗಲಿಲ್ಲ, ಅಷ್ಟೇ. ಹಾಗೆ ನೆನೆದಾಗ ಮನಸ್ಸಿಗೆ ಒಂದು ಸಮಾಧಾನವಿತ್ತು. ಆ ಗುರುವಾರ ಬೆಳಿಗ್ಗೆ ಒಂಬತ್ತರವರೆಗೆ ಇತ್ತು.

ಮಧ್ಯಾಹ್ನ ಮನೆಗೆ ಬಂದವಳೇ ಪತ್ರಿಕೆಯ ತುಣುಕುಗಳನ್ನು ಅಂಟಿಸಿದ ಎರಡು ಪುಸ್ತಕಗಳನ್ನು ಕಪಾಟಿನಿಂದ ತೆಗೆದಳು. ಅಂಟಿಸಿದ್ದು ಅಮ್ಮ. ಸೈಮಿ ಅವುಗಳಲ್ಲಿ ತನ್ನ ಫೋಟೋ ಬಿಟ್ಟು ಬೇರೇನನ್ನೂ ಗಮನಿಸಿರಲಿಲ್ಲ. ದೊಡ್ಡ ಸ್ಪರ್ಧೆಗಳ ಮಾರನೆಯ ದಿನ ಪತ್ರಿಕೆಗಳು ಫಲಿತಾಂಶದ ಕೆಳಗೆ ಸಣ್ಣಕ್ಷರದಲ್ಲಿ ನಡುದಾರಿಯ ಕಾಲವನ್ನೂ ಹಾಕುತ್ತಿದ್ದವು. ಭೂತಗನ್ನಡಿ ಹಿಡಿದು ಓದಿದಳು. ಅಣ್ಣನ ಕೂಗು ಒಂದೊಂದೂ ಅವಳಿಗೆ ನೆನಪಿತ್ತು. ಸ್ಪರ್ಧೆಗಳನ್ನು ಅವಳು ನೆನಪಿಟ್ಟುಕೊಂಡಿದ್ದೇ ಆ ಕೂಗುಗಳಿಂದ.

ರಾಷ್ಟ್ರೀಯ ಸ್ಪರ್ಧೆಯಲ್ಲಿ ಕಂಚು ಗೆದ್ದ ದಿನ ಅಣ್ಣ ಕೂಗಿದ್ದು "ಎಂಟು ಹಿಂದೆ". ಪತ್ರಿಕೆಯ ಪ್ರಕಾರ ಅವಳು ಆ ಹೊತ್ತಿಗೆ ಆರನೇ ಸ್ಥಾನದಲ್ಲಿದ್ದು, ಮೂರನೆಯವಳಿಗಿಂತ ಹತ್ತೊಂಬತ್ತು ಸೆಕೆಂಡು ಹಿಂದಿದ್ದಳು. ಹತ್ತೊಂಬತ್ತು ಎಂದು ಕೇಳಿದ್ದರೆ ಅವಳು ಅಲ್ಲೇ ಕೈಚೆಲ್ಲುತ್ತಿದ್ದಳು. ಜಿಲ್ಲಾ ಸ್ಪರ್ಧೆಯಲ್ಲೂ "ಎಂಟು ಹಿಂದೆ". ನಿಜವಾಗಿ ಇಪ್ಪತ್ತು ಮುಂದಿದ್ದಳು. ಕೊನೆಗೆ ಒಂದು ನಿಮಿಷಕ್ಕೂ ಹೆಚ್ಚು ಅಂತರದಿಂದ ಗೆದ್ದಾಗ ಪಕ್ಕದೂರಿನವರು "ಅಷ್ಟೊಂದು ಸೋಲಿಸ್ಲೇಬೇಕಿತ್ತಾ, ನಾಚಿಕೆ ಇಲ್ದವಳು" ಎಂದು ಆಡಿಕೊಂಡಿದ್ದರು. ಅವಳು ತಾನು ಸೋಲುತ್ತಿದ್ದೇನೆಂದು ಹೆದರಿ ಓಡಿದ್ದಳು.

ಆಮೇಲೆ ಇನ್ನೊಂದು ಹೊಳೆಯಿತು. ಆಯ್ಕೆ ಸ್ಪರ್ಧೆಯಲ್ಲಿ ಅವಳದು ಹದಿನೇಳನೇ ನಂಬರು, ಔನೆಯದು ಇಪ್ಪತ್ತನಾಲ್ಕು. ಔನೆ ಅವಳ ನಂತರ ಮೂರೂವರೆ ನಿಮಿಷ ಬಿಟ್ಟು ಹೊರಟವಳು. ಸೈಮಿ ಆ ಮರವನ್ನು ದಾಟುವಾಗ ಔನೆ ಅಲ್ಲಿಗೆ ಬಂದೇ ಇರಲಿಲ್ಲ. ಅವಳಿಗಿಂತ ಮೊದಲು ದಾಟಿದವರೆಲ್ಲ ಅವಳಿಗಿಂತ ನಿಧಾನ. ಹಾಗಾದರೆ ಎಂಟು ಹಿಂದೆ, ಯಾರಿಗಿಂತ? ಮೂರನೇ ಕ್ಲಾಸಿನ ಲೆಕ್ಕ. ಇಪ್ಪತ್ತೆಂಟು ವರ್ಷ ಅದನ್ನು ಮಾಡಿ ನೋಡಬೇಕೆಂದು ಅವಳಿಗೆ ತೋಚಿರಲಿಲ್ಲ. ಮೈ ಉರಿಯುವಾಗ ಲೆಕ್ಕ ಮಾಡುವವರು ಯಾರು. ಮೈ ಆರಿದ ಮೇಲೆ ಫಲಿತಾಂಶ ಬಂದಿರುತ್ತಿತ್ತು.

ಅಣ್ಣನ ಮೇಲೆ ಸಿಟ್ಟು ಬರಬೇಕಿತ್ತು. ಸ್ವಲ್ಪ ಬಂತು ಕೂಡ. ಅಷ್ಟರಲ್ಲಿ ಕಂಚಿನ ಪದಕ ಕಣ್ಣಿಗೆ ಬಿತ್ತು. ಅದೂ ಅದೇ ಸುಳ್ಳಿನಿಂದ ಬಂದದ್ದು. ಸಿಟ್ಟನ್ನು ಎಲ್ಲಿಡುವುದೆಂದು ತಿಳಿಯದೆ ಫೋನು ಎತ್ತಿಕೊಂಡು ಔನೆಯ ನಂಬರು ಒತ್ತಿದಳು. ಔನೆ ಈಗ ಇನ್ನೂರು ಕಿಲೋಮೀಟರು ಆಚೆ ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಭಾನುವಾರ ನಿಸ್ಕಲಾದಲ್ಲಿ ನಡೆಯುವ ಹಿರಿಯರ ರಾಷ್ಟ್ರೀಯ ಸ್ಪರ್ಧೆಗೆ ಅವಳೂ ಬರುವವಳಿದ್ದಳು.

"ಏನೇ, ಭಾನುವಾರಕ್ಕೆ ಈಗ್ಲೇ ಹೆದರ್ಕೊಂಡ್ಯಾ?" ಎಂದಳು ಔನೆ.

"ಒಂದು ಕೇಳ್ತೀನಿ, ನಗಬೇಡ. ಆಯ್ಕೆ ಸ್ಪರ್ಧೇಲಿ ಆರನೇ ಕಿಲೋಮೀಟರಲ್ಲಿ ನಿಂಗೆ ಏನು ಕೂಗಿದ್ರು?"

"'ಐದು ಮುಂದೆ' ಅಂತ. ನಮ್ಮೆಜಮಾನ್ರು ಯಾವಾಗ್ಲೂ ಅದೇ ಕೂಗೋದು. ಹಿಂದೆ ಅಂದ್ರೆ ನಾನು ಅಳ್ತೀನಿ ಅಂತ."

"ಆವತ್ತು ನಾಲ್ಕು ಹಿಂದಿದ್ದೆ ನೀನು."

"ಹೌದಾ?" ಔನೆ ಜೋರಾಗಿ ನಕ್ಕಳು. "ಇರಬಹುದು. ನಾನು ಅವರ ಮಾತು ನಂಬ್ತಿದ್ದದ್ದು ಯಾವಾಗ? ಮೂರ್ನೇ ಸ್ಪರ್ಧೆಗೇ ಗೊತ್ತಾಗಿತ್ತು, ಬಾಯಿಗೆ ಬಂದಿದ್ದು ಹೇಳ್ತಾರೆ ಅಂತ. ನೀನು ನಂಬ್ತಿದ್ಯಾ?"

ಸೈಮಿ ಫೋನಿಟ್ಟು ಕಾಫಿಗೆ ನೀರಿಟ್ಟಳು. ನೀರು ಕುದಿದು ಆರಿತು, ಕಾಫಿ ಮಾಡಲಿಲ್ಲ.

ಶುಕ್ರವಾರ ಶಾಲೆ ಮುಗಿಸಿ ಸ್ಕೀಗಳನ್ನು ಹೊತ್ತುಕೊಂಡು ಅಣ್ಣನ ಮನೆಗೆ ಹೋದಳು. ಕೆರೆಯ ಈಚೆ ಅವಳದು, ಆಚೆ ಅವನದು. ಸ್ಪರ್ಧೆಗೆ ಎರಡು ದಿನ ಮೊದಲು ಅವಳ ಸ್ಕೀಗಳಿಗೆ ಮೇಣ ಹಚ್ಚುವುದು ತಾವೆತ್ತಿಯ ಕೆಲಸ. ಹೆಂಡತಿ ಊರಲ್ಲಿಲ್ಲದಿದ್ದರೂ, ಬೆನ್ನು ಹಿಡಿದುಕೊಂಡಿದ್ದರೂ ಅದು ತಪ್ಪಿದ್ದಿಲ್ಲ. ಗ್ಯಾರೇಜಿನಲ್ಲಿ ಮೇಣ ಕರಗಿಸುವ ಇಸ್ತ್ರಿಪೆಟ್ಟಿಗೆ ಕಾದಿತ್ತು. ಮೇಣದ ಹೊಗೆಗೆ ಕಣ್ಣು ಕಿರಿದು ಮಾಡಿಕೊಂಡು ತಾವೆತ್ತಿ ರೇಡಿಯೋದ ಹವಾಮಾನ ಕೇಳುತ್ತಿದ್ದ.

"ಭಾನುವಾರ ಬೆಳಿಗ್ಗೆ ಮೈನಸ್ ಹತ್ತೊಂಬತ್ತು ಡಿಗ್ರಿ ಅಂತೆ," ಎಂದ. "ಅಷ್ಟು ಚಳಿಗೆ ಹಸಿರು ಮೇಣಾನೇ ಹಚ್ತೀನಿ. ಬೇರೆ ಮಾತೇ ಇಲ್ಲ."

"ಅಣ್ಣಾ, ಎಂಟು ಯಾಕೆ?"

"ಯಾವ ಎಂಟು?"

"ಎಂಟು ಹಿಂದೆ. ಪ್ರತಿ ಸಲ ಎಂಟು ಹಿಂದೆ."

ತಾವೆತ್ತಿ ಇಸ್ತ್ರಿಪೆಟ್ಟಿಗೆಯನ್ನು ಸ್ಕೀಯ ಮೇಲೆ ಕೊನೆಯ ತನಕ ಎಳೆದ. ಅವಸರ ಮಾಡಲಿಲ್ಲ. "ಪ್ರತಿ ಸಲ ಅಲ್ಲ. ಒಂದೆರಡು ಸಲ ಏಳು ಅಂದಿದೀನಿ."

"ತಮಾಷೆ ಬೇಡ."

"ತಮಾಷೆ ಅಲ್ಲ ಕಣೇ. ಐದು ಅಂದ್ರೆ ತಾನಾಗೇ ಬರುತ್ತೆ ಅಂತ ಸುಮ್ನಾಗ್ತೀಯ. ಹನ್ನೆರಡು ಅಂದ್ರೆ ಹೋಗ್ಲಿ ಬಿಡು ಅಂತೀಯ. ಅಪ್ಪ ಹಸು ಹೊಡೀತಿದ್ದ ಕೋಲು ನೋಡಿದ್ಯಲ್ಲ, ಹೊಡೆಯೋಕಲ್ಲ, ತೋರ್ಸೋಕೆ. ಹಂಗೆ."

"ನಾನು ಹಸುವಾ?"

"ಹಸು ನಿನ್ನಷ್ಟು ಮಾತಾಡಲ್ಲ."

ಸೈಮಿ ನಗಲಿಲ್ಲ. ಮೇಷ್ಟ್ರು ಕೊಟ್ಟ ಹಾಳೆಯನ್ನು ಕೆಲಸದ ಮೇಜಿನ ಮೇಲೆ ಬಿಡಿಸಿದಳು. ತಾವೆತ್ತಿ ಕೈ ಒರೆಸಿಕೊಂಡು, ಹಾಳೆಯನ್ನು ದೂರ ಹಿಡಿದು, ಹತ್ತಿರ ಹಿಡಿದು ಓದಿದ. ಅವನ ಮುಖದಲ್ಲಿ ಏನು ಬದಲಾಗುತ್ತದೋ ಎಂದು ಅವಳು ಕಾದಳು. ತುಟಿ ಸ್ವಲ್ಪ ಬಿಗಿಯಾಯಿತು. ಅಂಕಿ ಸರಿಯಾಗಿ ಕಾಣದ್ದಕ್ಕೂ ಇರಬಹುದು.

"ಮುಂದಿದ್ಯಲ್ಲ," ಎಂದ ಕೊನೆಗೆ.

"ಹೂಂ. ನೀನು ಎಂಟು ಹಿಂದೆ ಅಂದೆ. ನಾನು ಗುಡ್ಡದಲ್ಲೇ ಸತ್ತೆ. ನಿಂಗೆ ಗೊತ್ತಿತ್ತಾ, ನಾನು ಮುಂದಿದೀನಿ ಅಂತ?"

"ಎಲ್ಲಾ ಸಲ ಗೊತ್ತಿರ್ತಿರ್ಲಿಲ್ಲ."

"ಎಲ್ಲಾ ಸಲ ಬಿಡು. ಆವತ್ತು? ಸೈನಿಕ ಹುಡುಗ್ರು ಫೋನಿಟ್ಕೊಂಡು ನಿನ್ನ ಪಕ್ಕದಲ್ಲೇ ಕೂತಿದ್ರು. ಹತ್ತು ಹೆಜ್ಜೆ. ಅಲ್ಲೀವರೆಗೆ ದಾಟಿದೋರಲ್ಲಿ ನಾನೇ ಮುಂದೆ ಅಂತ ಅವರಿಗೆ ಗೊತ್ತಿತ್ತು. ಕೇಳಿದ್ಯಾ ಅವರನ್ನ?"

ತಾವೆತ್ತಿ ಸ್ಕೀಯ ತಳದ ಮೇಣವನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದ. ಗ್ಯಾರೇಜಿನ ತಗಡಿನ ಮಾಡಿನಿಂದ ಹಿಮದ ಹಲಗೆಯೊಂದು ಜಾರಿ ಬಿತ್ತು.

"ನೆನಪಿಲ್ಲ ಸೈಮಿ."

"ನೆನಪಿಲ್ವಾ? ನಂಗೆ ನಿನ್ನ ಟೋಪಿ ಕಿವಿ ಒಂದು ಮೇಲಿತ್ತು ಅನ್ನೋದೂ ನೆನಪಿದೆ."

"ಮರ ನೆನಪಿದೆ. ನೀನು ಬಂದಿದ್ದು ನೆನಪಿದೆ. ಬಾಯಲ್ಲಿ ಜೊಲ್ಲು ಹೆಪ್ಪುಗಟ್ಟಿತ್ತು. ಕೇಳಿದ್ನೋ ಇಲ್ವೋ..." ಅವನು ತಲೆಯಾಡಿಸಿದ. "ಹೇಳ್ಬಹುದು ನಾನು, ಕೇಳಿರ್ಲಿಲ್ಲ ಅಂತ. ಅದನ್ನ ಕೇಳಿದ್ರೆ ನಿಂಗೆ ಸಮಾಧಾನ ಆಗುತ್ತಾ? ಆಗೋ ಹಾಗಿದ್ರೆ ಹೇಳ್ತೀನಿ."

ಅದೇ ತೊಂದರೆಯಾದದ್ದು. ಇವನು ಏನು ಹೇಳಿದರೂ ಅದು ಅವಳನ್ನು ಮುಂದೆ ತಳ್ಳಲು ಹೇಳಿದ್ದೋ, ಇದ್ದದ್ದನ್ನು ಹೇಳಿದ್ದೋ ಎಂದು ಇನ್ನು ಗೊತ್ತಾಗುವುದು ಹೇಗೆ? ಅಮ್ಮ ಆಸ್ಪತ್ರೆಯಲ್ಲಿ ತೀರಿಕೊಂಡಾಗ "ನಿದ್ದೇಲಿ ಹೋದ್ಲು, ನೋವಿರ್ಲಿಲ್ಲ" ಎಂದು ಬಂದು ಹೇಳಿದವನೂ ಇವನೇ. ಗಂಡ ಬಿಟ್ಟುಹೋದ ವರ್ಷ "ಊರಲ್ಲಿ ಯಾರೂ ಏನೂ ಅಂತಿಲ್ಲ" ಎಂದವನೂ ಇವನೇ. ಸೈಮಿ ಅದನ್ನೆಲ್ಲ ಹೇಗಿತ್ತೋ ಹಾಗೆ ತೆಗೆದುಕೊಂಡಿದ್ದಳು. ಕಾಡಿನಲ್ಲಿದ್ದಾಗ ಇದ್ದ ಹಾಗೆ, ಹೊರಗೂ ಅವಳಿಗೆ ಸುದ್ದಿ ಬರುತ್ತಿದ್ದದ್ದು ಆ ಒಂದು ಬಾಯಿಂದ.

"ಭಾನುವಾರ," ಎಂದಳು, "ಗಡಿಯಾರದಲ್ಲಿ ಏನಿದೆಯೋ ಅದನ್ನ ಕೂಗು. ಔನೆ ನನಗಿಂತ ಮುಂಚೆ ಹೊರಡ್ತಾಳೆ. ಮೂವತ್ತೆಂಟು ಅವಳದು, ನಲವತ್ತೊಂದು ನಂದು. ಒಂದೂವರೆ ನಿಮಿಷ ಕಳೆದ್ರೆ ಆಯ್ತು. ಸುಲಭದ ಲೆಕ್ಕ. ಇಪ್ಪತ್ತು ಹಿಂದಿದ್ರೆ ಇಪ್ಪತ್ತು ಅನ್ನು."

"ಆಯ್ತು."

"ಗೊತ್ತಿಲ್ದಿದ್ರೆ ಗೊತ್ತಿಲ್ಲ ಅನ್ನು. ಎಂಟು ಅಂದ್ಯೋ, ಅಲ್ಲೇ ನಿಂತುಬಿಡ್ತೀನಿ. ಅಮ್ಮನಾಣೆ ನಿಂತುಬಿಡ್ತೀನಿ."

"ಆಯ್ತು ಅಂದ್ನಲ್ಲ." ತಾವೆತ್ತಿ ಮತ್ತೆ ಇಸ್ತ್ರಿಪೆಟ್ಟಿಗೆ ಹಿಡಿದ. ಬಾಗಿಲ ತನಕ ಹೋದವಳನ್ನು ಕರೆದ. "ಹಾಲಿನ ಬ್ರೆಡ್ಡು ಮಾಡಿದಾಳೆ ನಿನ್ನತ್ತಿಗೆ. ತಗೊಂಡು ಹೋಗು." ಅವಳು ತೆಗೆದುಕೊಂಡಳು. ಸಿಟ್ಟಿನಲ್ಲಿ ಬಂದವಳು ಬ್ರೆಡ್ಡು ಹಿಡಿದು ಕೆರೆ ದಾಟಿದ್ದು ಅವಳಿಗೇ ಸರಿ ಕಾಣಲಿಲ್ಲ.

ಭಾನುವಾರ ರೇಡಿಯೋ ಹೇಳಿದ್ದು ಸರಿಯಾಗಿತ್ತು. ಮೈನಸ್ ಹತ್ತೊಂಬತ್ತು, ಗಾಳಿಯಿಲ್ಲ, ಹಿಮ ಸಕ್ಕರೆಯ ಹಾಗೆ ಪುಡಿಪುಡಿ. ಐವತ್ತರಿಂದ ಐವತ್ತೈದರೊಳಗಿನ ಮಹಿಳೆಯರು ಇಪ್ಪತ್ತಮೂರು ಮಂದಿ. ಶಾಲೆಯ ಮೈದಾನದಲ್ಲಿ ಸಂಘದ ಹೆಂಗಸರು ಬ್ಲ್ಯಾಕ್‌ಕರಂಟ್ ಎಂಬ ಕಪ್ಪು ಹಣ್ಣಿನ ಬಿಸಿ ರಸ ಕೊಡುತ್ತಿದ್ದರು. ಔನೆ ಹೊರಡುವ ಗೇಟಿನಲ್ಲಿ ನಿಂತು ಹಿಂದೆ ತಿರುಗಿ, "ಇವತ್ತು ನಮ್ಮೆಜಮಾನ್ರಿಗೆ ಮಂಡಿನೋವು, ಬಂದಿಲ್ಲ. ಕೊನೆಗೂ ನೆಮ್ಮದಿಯಾಗಿ ಹೋಗ್ತೀನಿ," ಎಂದು ಕೂಗಿ ಹೊರಟಳು. ಒಂದೂವರೆ ನಿಮಿಷದ ಮೇಲೆ ಸೈಮಿ ಹೊರಟಳು.

ಮೊದಲ ಮೂರು ಕಿಲೋಮೀಟರು ಕೆರೆಯ ಅಂಚು. ಸ್ಕೀ ಚೆನ್ನಾಗಿ ಹಿಡಿಯುತ್ತಿತ್ತು, ಚೆನ್ನಾಗಿ ಜಾರುತ್ತಿತ್ತು. ಮೇಣದ ವಿಷಯದಲ್ಲಿ ಅಣ್ಣನನ್ನು ಸಂಶಯಿಸಬೇಕಿಲ್ಲ ಎಂದುಕೊಂಡಳು. ಹಾಗೆ ಅಂದುಕೊಂಡದ್ದಕ್ಕೇ ತನ್ನ ಮೇಲೆ ಕಿರಿಕಿರಿಯಾಯಿತು. ಐದನೇ ಕಿಲೋಮೀಟರಿನಲ್ಲಿ ಉಸಿರು ಭಾರವಾಯಿತು. ತಾನು ಜೋರಾಗಿದ್ದೇನೋ ನಿಧಾನವಾಗಿದ್ದೇನೋ ತಿಳಿಯಲಿಲ್ಲ. ಇಷ್ಟು ವರ್ಷ ಆ ಹೊತ್ತಿನಲ್ಲಿ ತಿಳಿಯುವ ಅಗತ್ಯವೇ ಇರುತ್ತಿರಲಿಲ್ಲ. ಇನ್ನೊಂದು ಕಿಲೋಮೀಟರಿಗೆ ಅಣ್ಣ ಹೇಳುತ್ತಾನೆ.

ದೊಡ್ಡ ಸ್ಪ್ರೂಸ್ ಮರದ ಕೆಳಗೆ ತುಪ್ಪಳದ ಟೋಪಿ ಕಂಡಿತು. ತಾವೆತ್ತಿ ನಿಂತಲ್ಲಿ ನಿಂತಿರಲಿಲ್ಲ. ಸ್ಟಾಪ್‌ವಾಚನ್ನು ಒಂದು ಕೈಯಿಂದ ಇನ್ನೊಂದು ಅಂಗೈಗೆ ಬಡಿಯುತ್ತಿದ್ದ. ಕಿವಿಗೆ ಹಿಡಿದ. ಮತ್ತೆ ಬಡಿದ. ಅವಳು ಹತ್ತಿರ ಬಂದಾಗ ಬಾಯಿ ತೆರೆದ, ಮುಚ್ಚಿದ. ಅವಳು ಮರ ದಾಟಿದಳು. ಹಿಂದಿನಿಂದ ಅರವತ್ತೊಂದು ವರ್ಷದವನು ಮೊಣಕಾಲುದ್ದದ ಹಿಮದಲ್ಲಿ ಬಿದ್ದೆದ್ದು ಓಡಿ ಬರುತ್ತಾ ಕೂಗಿದ:

"ಗೊತ್ತಿಲ್ಲ! ಸೈಮೀ, ಗೊತ್ತಿಲ್ಲ ಕಣೇ! ವಾಚು ನಿಂತೋಯ್ತು! ಗೊತ್ತಿಲ್ಲ!"

ಕುರ್ಕಿವಾರಾದ ಏರು ಅಲ್ಲಿಂದಲೇ ಶುರು. ಸೈಮಿ ಮೊದಲ ಹತ್ತು ಹೆಜ್ಜೆ ನಕ್ಕಳು. ನಗು ಉಸಿರನ್ನು ತಿಂದಿತು. ಆಮೇಲೆ ಏನು ಮಾಡಬೇಕೋ ತಿಳಿಯಲಿಲ್ಲ. ಹಿಂದಿದ್ದರೆ ಈಗ ಎಲ್ಲವನ್ನೂ ಸುರಿಯಬೇಕು. ಮುಂದಿದ್ದರೆ ಕೊನೆಗೆ ಉಳಿಸಿಕೊಳ್ಳಬೇಕು. ಎರಡನ್ನೂ ಒಂದಿಷ್ಟು ಒಂದಿಷ್ಟು ಮಾಡಿದಳು. ಗುಡ್ಡದ ಅರ್ಧದಲ್ಲಿ ತನ್ನ ಬಾಯಿ ತಾನಾಗಿಯೇ ಏನೋ ಗೊಣಗುತ್ತಿರುವುದು ಗಮನಕ್ಕೆ ಬಂತು. ಕಿವಿಗೊಟ್ಟಳು. ಪ್ರತಿ ಕೋಲು ಊರಿದಾಗಲೂ ಒಂದು ಸಲ: ಎಂಟು, ಎಂಟು, ಎಂಟು.

ನೆತ್ತಿಯಲ್ಲಿ ಬಾಯಿ ಮುಚ್ಚಿಕೊಂಡಳು.

ಔನೆ ಗೆದ್ದಳು. ಸೈಮಿ ಎರಡನೆಯವಳು, ಐದು ಸೆಕೆಂಡು, ಆರು ದಶಾಂಶದಿಂದ. ಹತ್ತಿಪ್ಪತ್ತು ನಿಮಿಷದಲ್ಲಿ ಶಾಲೆಯ ಗೋಡೆಗೆ ಫಲಿತಾಂಶದ ಹಾಳೆ ಬಂತು. ಈಗ ಕಾಲಿಗೆ ಕಟ್ಟಿದ ಪಟ್ಟಿಯಿಂದ ಎಲ್ಲವೂ ತಾನಾಗಿ ದಾಖಲಾಗುತ್ತದೆ. ಆರನೇ ಕಿಲೋಮೀಟರು: ಕಾರ್ಪಿನೆನ್ ಮೊದಲು, ಪಿರ್ತಿಲಾ ಎರಡು ಸೆಕೆಂಡು ಹಿಂದೆ.

ಒಸ್ಮೊ ಮೇಷ್ಟ್ರು ಅವಳ ಹೆಗಲ ಮೇಲಿಂದ ಓದಿ, "ಮತ್ತೆ ಮುಂದಿದ್ದೆ!" ಎಂದರು ಸಂತೋಷದಿಂದ. ಅವಳ ಮುಖ ನೋಡಿ ಬಿಸಿ ರಸದ ಕಡೆಗೆ ಹೋದರು.

ತಾವೆತ್ತಿ ಕಾಡಿನಿಂದ ನಡೆದು ಬಂದ. ಪ್ಯಾಂಟು ಸೊಂಟದ ತನಕ ಹಿಮವಾಗಿತ್ತು. ಹಾಳೆ ಓದಿದ.

"ನಿನ್ನ ಮರದ ಹತ್ರ ಒಂದು ಡೇರೆ ಇತ್ತು, ನೀಲಿದು," ಎಂದಳು ಸೈಮಿ. "ಅದೇನು?"

"ಕಾಲ ಅಳೆಯೋರದ್ದು. ಒಂದು ಹುಡುಗಿ ಕಂಪ್ಯೂಟರ್ ಇಟ್ಕೊಂಡು ಕೂತಿದ್ಲು."

"ಅವಳಿಗೆ ಎಲ್ಲಾ ಗೊತ್ತಿತ್ತು."

"ಹೂಂ, ಕಾಣ್ತಿತ್ತು ಪರದೆ ಮೇಲೆ. ನನ್ನ ಕಣ್ಣಿಗೆ ಓದೋಕಾಗ್ಲಿಲ್ಲ."

"ಕೇಳಬೇಕಿತ್ತಲ್ಲಣ್ಣ. ವಾಚು ನಿಂತ್ಮೇಲೆ ಹತ್ತು ಹೆಜ್ಜೆ ಹೋಗಿ ಕೇಳಬೇಕಿತ್ತು."

ತಾವೆತ್ತಿ ಅವಳನ್ನು ಆಶ್ಚರ್ಯದಿಂದ ನೋಡಿದ. ಅಂಥ ಮಾತು ಅವಳ ಬಾಯಿಂದ ಬಂದೀತೆಂದು ಅವನು ಎಣಿಸಿರಲಿಲ್ಲ. "ಕೆಲ್ಸದಲ್ಲಿದ್ಲು ಅವಳು," ಎಂದ. "ಕೆಲ್ಸ ಮಾಡೋರನ್ನ ಹೋಗಿ ಹೆಂಗೆ ಮಾತಾಡ್ಸೋದು?"

ಸೈಮಿ ಅವನ ಮುಖವನ್ನೇ ನೋಡಿದಳು. ಆ ಮುಖದಲ್ಲಿ ಬಚ್ಚಿಟ್ಟದ್ದು ಏನೂ ಇರಲಿಲ್ಲ. ಇಪ್ಪತ್ತೆಂಟು ವರ್ಷದ ಹಿಂದೆ ಮೂವತ್ತಮೂರರ ಒಬ್ಬ ಟ್ರ್ಯಾಕ್ಟರ್ ಚಾಲಕ, ಫೋನು ಹಿಡಿದು ಬರೆದುಕೊಳ್ಳುತ್ತಿದ್ದ ಇಬ್ಬರು ಸೈನಿಕ ಹುಡುಗರಿಂದ ಹತ್ತು ಹೆಜ್ಜೆ ದೂರದಲ್ಲಿ, ಅವರಿಗೆ ತೊಂದರೆ ಕೊಡಬಾರದೆಂದು ಅವರತ್ತ ತಿರುಗಿಯೂ ನೋಡದೆ ನಿಂತಿದ್ದುದು ಅವಳ ಕಣ್ಣಿಗೆ ಕಟ್ಟಿತು. ಅವನು ಕೇಳಿರಲಿಲ್ಲ. ಕೇಳುವವನೇ ಅಲ್ಲ. ತಂಗಿಯ ಒಲಿಂಪಿಕ್ ಹೋಗುತ್ತದೆಂದರೂ ಕೇಳುವವನಲ್ಲ. ಅವಳಾದರೂ ಕೇಳುತ್ತಿದ್ದಳೇ? ಬಹುಶಃ ಇಲ್ಲ.

ಅಲ್ಲಿಗೆ ಒಂದು ವಿಷಯ ತೀರ್ಮಾನವಾಯಿತು. ಗೊತ್ತಿದ್ದೂ ಅವನು ಸುಳ್ಳು ಹೇಳಿರಲಿಲ್ಲ. ಅದರಿಂದ ಸಮಾಧಾನವಾಗಬೇಕಿತ್ತು. ಆದರೆ ಗೊತ್ತಿಲ್ಲದವನೊಬ್ಬನ ಮಾತನ್ನು ನಂಬಿ ಗೆದ್ದದ್ದೆಷ್ಟು, ಸೋತದ್ದೆಷ್ಟು ಎಂದು ಕೂಡಿಸಿ ನೋಡಿದರೆ ಯಾವ ಕಡೆಗೂ ಮೊತ್ತ ಬರುತ್ತಿರಲಿಲ್ಲ. ಇವತ್ತು ಅವನು ಎಂಟು ಎಂದು ಕೂಗಿದ್ದರೆ ಗೆಲ್ಲುತ್ತಿದ್ದಳೋ ಏನೋ. ಗುಡ್ಡದಲ್ಲೇ ಮರಗಟ್ಟುತ್ತಿದ್ದಳೋ ಏನೋ.

ಔನೆ ಪದಕ ಹಾಕಿಕೊಂಡು ಬಂದು ತಾವೆತ್ತಿಯ ಬೆನ್ನು ತಟ್ಟಿದಳು. "ಏನ್ ತಾವೆತ್ತಿ, ಕಾಡೆಲ್ಲಾ ಕೇಳೋ ಹಂಗೆ ಕೂಗ್ತಿದ್ರಂತೆ! ಏನಂತ?"

"ಗೊತ್ತಿಲ್ಲ ಅಂತ," ಎಂದ ತಾವೆತ್ತಿ.

"ಏನು ಕೂಗಿದ್ದು ಅಂತಾನೂ ಗೊತ್ತಿಲ್ವಾ?"

ಆಗ ಸೈಮಿಗೆ ನಿಜವಾಗಿ ನಗು ಬಂತು. ನಿಲ್ಲಿಸಲಾಗಲಿಲ್ಲ. ಸ್ಕೀ ಕೋಲಿನ ಮೇಲೆ ಬಗ್ಗಿ ನಕ್ಕಳು. ಕಣ್ಣಿನಿಂದ ಇಳಿದದ್ದು ಕೆನ್ನೆಯ ಮೇಲೆ ಹೆಪ್ಪುಗಟ್ಟಿತು. ಅಣ್ಣ ಒದ್ದೆ ಕೈಗವಸಿನಲ್ಲೇ ಅದನ್ನು ಒರೆಸಲು ಬಂದು ಇನ್ನಷ್ಟು ಹಿಮ ಮೆತ್ತಿದ.

ಮನೆಗೆ ಹೋಗುವಾಗ ಕಾರು ಓಡಿಸಿದವಳು ಅವಳು. ತಾವೆತ್ತಿ ಸ್ಟಾಪ್‌ವಾಚನ್ನು ಬಿಸಿಗಾಳಿ ಬರುವ ಕಿಂಡಿಯ ಮುಂದೆ ಹಿಡಿದುಕೊಂಡಿದ್ದ. ಕೆರೆಯ ತಿರುವಿನಲ್ಲಿ ಅದು ಟಿಕ್ ಎಂದು ಮತ್ತೆ ಓಡತೊಡಗಿತು.

"ಮುಂದಿನ ಸಲ ಏನು ಕೂಗ್ಲಿ?" ಎಂದು ಕೇಳಿದ.

ಸೈಮಿ ಗೇರು ಬದಲಿಸಿದಳು.

ಮುಂದಿನ ಸ್ಪರ್ಧೆ ಎರಡು ವಾರಕ್ಕೆ, ಕೂಸಮೊದಲ್ಲಿ. ಸೈಮಿ ಹೆಸರು ಕೊಟ್ಟಿದ್ದಾಳೆ. ಬೆಳಿಗ್ಗೆ ಐದೂವರೆಗೆ ಇಬ್ಬರೂ ಅವಳ ಕಾರಿನಲ್ಲಿ ಹೊರಡುತ್ತಾರೆ. ತಾವೆತ್ತಿ ಆರನೇ ಕಿಲೋಮೀಟರಿನಲ್ಲಿ ನಿಲ್ಲುತ್ತಾನೆ.